ಕಪಾಟಿನ ಮೇಲಿನ ಎರಡು ಪೆಟ್ಟಿಗೆ
(ವಾಚನಾಲಯದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ಪುಸ್ತಕದ ಮಾತು ನಡೆಯುವುದು ವಾಡಿಕೆ. ಇಂದು ನಾವು ಪುಸ್ತಕದ ಕಪಾಟಿನ ಮೇಲೆ ಕೂಡುವ ಬೇರೊಂದು ವಸ್ತುವಿನ ವಿಚಾರ ಹೇಳಲು ನಿಂತಿದ್ದೇವೆ. ಅದು ಧ್ವನಿವರ್ಧಕದ ಪೆಟ್ಟಿಗೆ. ಅಂಗಡಿಯವರು ಇದನ್ನು ‘ಬುಕ್‌ಷೆಲ್ಫ್ ಸ್ಪೀಕರ್’ ಎನ್ನುತ್ತಾರೆ. ನಾವು ಎಂದರೆ ನಾಲ್ವರು: ಒಬ್ಬರು ಬ್ಯಾಂಕಿನ ಗುಮಾಸ್ತರು, ಒಬ್ಬರು ಕಾರಖಾನೆಯ ಫಿಟ್ಟರು, ಒಬ್ಬರು ಹೋಟೆಲಿನ ಗಲ್ಲಾ ನೋಡುವವರು, ಇನ್ನೊಬ್ಬರು ಹೋದ ವರ್ಷ ನಿವೃತ್ತರಾದ ರೈಲ್ವೆ ಗುಮಾಸ್ತರು. ನಮ್ಮಲ್ಲಿ ಸಂಗೀತ ವಿದ್ವಾಂಸರೂ ಇಲ್ಲ, ವಿಜ್ಞಾನಿಗಳೂ ಇಲ್ಲ. ಕಿವಿ ಇದೆ, ಭಾನುವಾರ ಒಂದೆರಡು ಗಂಟೆ ಬಿಡುವಿದೆ. ನಮ್ಮ ಬಂಡವಾಳ ಇಷ್ಟೇ.

ರೈಲ್ವೆಯ ಮಿತ್ರರು ತಮ್ಮ ಭವಿಷ್ಯನಿಧಿಯ ಹಣದಲ್ಲಿ ಒಂದು ಭಾಗ ತೆಗೆದು ಎಲ್‌.ಎಸ್‌. 3/5ಎ ಎಂಬ ಹೆಸರಿನ ಹಳೆಯ ಜೋಡಿಯೊಂದನ್ನು ಕೊಂಡರು. ತಿಂಗಳೊಳಗೆ ಒಪ್ಪದಿದ್ದರೆ ಹಿಂದಕ್ಕೆ ಕೊಡಬಹುದೆಂದು ಮಾರಿದವರ ಮಾತು. ಪೆಟ್ಟಿಗೆ ಮನೆಗೆ ಬಂದ ದಿನ ಅವರ ಮನೆಯವರು, “ರೀ, ಈ ಎರಡು ಡಬ್ಬಿಗೆ ಕೊಟ್ಟ ರೊಕ್ಕದಾಗ ಊರಾಗಿನ ಮನಿ ಮಾಳಗಿ ರಿಪೇರಿ ಆಗತಿತ್ತಲ್ಲ” ಎಂದರಂತೆ. ಧಾರವಾಡದ ಕಡೆಯ ಆ ಮನೆ ಎರಡು ಮಳೆಗಾಲದಿಂದ ಸೋರುತ್ತಿದೆ. ಮಿತ್ರರು ಉತ್ತರ ಕೊಡಲಿಲ್ಲ. ನಮ್ಮ ಬಳಿ ಬಂದು, “ನಾಲ್ಕು ಭಾನುವಾರ ಬಂದು ಕೇಳ್ರಿ. ಇಟಗೋಬೇಕೋ ಕೊಡಬೇಕೋ, ಖರೇ ಖರೇ ಹೇಳ್ರಿ” ಎಂದರು.

ಮೊದಲು ಆ ಪೆಟ್ಟಿಗೆಯ ವೃತ್ತಾಂತವನ್ನು ಅರಿಕೆ ಮಾಡುತ್ತೇವೆ. ಪೆಟ್ಟಿಗೆ ಚಿಕ್ಕದಾದರೆ ಮಂದ್ರದ ಸ್ವರ ಬಾರದು ಎಂಬುದು ಹಿಂದೆ ಸಾಮಾನ್ಯ ನಂಬಿಕೆಯಾಗಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ಮಾಡಿ, ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗಿನಂತೆ ಶಂಕುವನ್ನು ಹಿಡಿದು ನಿಲ್ಲಿಸುವ ಉಪಾಯವನ್ನು ಮಾರುಕಟ್ಟೆಗೆ ತಂದರು. ಅಲ್ಲಿಂದ ಸಣ್ಣ ಪೆಟ್ಟಿಗೆಗೆ ಮರ್ಯಾದೆ ಬಂತು. 1970ರ ದಶಕದಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಗೆ ಬೇರೊಂದು ಅಡಚಣೆ ಎದುರಾಯಿತು. ಹೊರಾಂಗಣ ಪ್ರಸಾರದ ವ್ಯಾನುಗಳೊಳಗೆ ದೊಡ್ಡ ಸ್ಪೀಕರು ಇಡಲು ಜಾಗವಿಲ್ಲ. ಆದರೆ ಪ್ರಸಾರವಾಗುವ ಧ್ವನಿ ಸರಿಯಾಗಿದೆಯೇ ಎಂದು ಕೇಳಲೇಬೇಕು. ಅದಕ್ಕಾಗಿ ಅಲ್ಲಿಯ ಸಂಶೋಧನಾ ವಿಭಾಗದವರು ರೂಪಿಸಿದ್ದು ಈ ಪೆಟ್ಟಿಗೆ. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19. ತಗ್ಗಿನ ಮತ್ತು ನಡುವಿನ ಸ್ವರಗಳಿಗೆ ಪ್ಲಾಸ್ಟಿಕ್ಕಿನ ಒಂದು ಶಂಕು, ಮೇಲಿನ ಸ್ವರಗಳಿಗೆ ಗುಬುಟಿನಂಥ ಒಂದು ಸಣ್ಣ ಗುಮ್ಮಟ. ಸುಮಾರು 3000 ಹರ್ಟ್ಸಿನಲ್ಲಿ ಇಬ್ಬರ ಗಡಿ. ತೆಳುವಾದ ಪ್ಲೈವುಡ್ಡಿನ ಗೋಡೆಗಳು ತಾವೇ ಗುಂಯ್‌ಗುಡದಂತೆ ಒಳಗೆ ಡಾಂಬರಿನ ಹಾಳೆ ಅಂಟಿಸಿದ್ದಾರೆ. 1976ರಲ್ಲಿ ಇದರ ವರದಿಯನ್ನು ಅವರು ಪ್ರಕಟಿಸಿದರು. ಪರವಾನಗಿ ಪಡೆದ ಹಲವು ಕಂಪನಿಗಳು ಇದನ್ನು ತಯಾರಿಸಿ ಮಾರಿದವು. ವ್ಯಾನಿನ ಸಾಮಾನು ಹೀಗೆ ಶ್ರೀಮಂತರ ದಿವಾನಖಾನೆ ಸೇರಿತು.

ಮೊದಲನೆಯ ಭಾನುವಾರ ನಮಗೆ ನಿರಾಶೆಯೇ ಆಯಿತು. ಹೆಸರೇ ಕಪಾಟಿನ ಸ್ಪೀಕರು ಆದ್ದರಿಂದ ಮಿತ್ರರು ಅದನ್ನು ಮೇಲಿನ ಕಪಾಟಿನಲ್ಲಿ, ಗೋಡೆಗೆ ಒತ್ತಿ, ಪಂಚಾಂಗ ಮತ್ತು ಔಷಧಿ ಡಬ್ಬಿಗಳ ನಡುವೆ ಸಿಕ್ಕಿಸಿದ್ದರು. ಮಲ್ಲಿಕಾರ್ಜುನ ಮನಸೂರರ ಹಾಡು ಹಾಕಿದರೆ ಹಂಡೆಯೊಳಗಿಂದ ಹಾಡಿದ ಹಾಗೆ ಕೇಳಿತು. ಧ್ವನಿಯೂ ಸಣ್ಣದು. ಈ ಪೆಟ್ಟಿಗೆಗೆ ವಿದ್ಯುತ್ತಿನ ಹಸಿವು ಹೆಚ್ಚು: ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 83 ಡೆಸಿಬೆಲ್ಲಿನಷ್ಟೂ ಕೊಡುವುದಿಲ್ಲ. 88 ಡೆಸಿಬೆಲ್ ಕೊಡುವ ಸಾಮಾನ್ಯ ಸ್ಪೀಕರಿನಷ್ಟು ಸದ್ದು ಬೇಕಾದರೆ ಇದಕ್ಕೆ ಮೂರೂವರೆ ಪಟ್ಟು ಶಕ್ತಿ ಉಣಿಸಬೇಕು. “ಇಷ್ಟಕ್ಕೆ ಅಷ್ಟು ಹಣವೇ?” ಎಂದು ಹೋಟೆಲಿನ ಮಿತ್ರರು ಕೇಳಿಯೇಬಿಟ್ಟರು.

ಎರಡನೆಯ ಭಾನುವಾರ ಫಿಟ್ಟರು ಮಿತ್ರರು ಎರಡು ಕಬ್ಬಿಣದ ಸ್ಟ್ಯಾಂಡು ಬೆಸೆದು ತಂದರು. ತಗ್ಗಿನ ಸ್ವರದ ಅಲೆ ಬಹಳ ಉದ್ದ. 100 ಹರ್ಟ್ಸಿನ ಅಲೆ ಸುಮಾರು 3.4 ಮೀಟರ್. ಅದು ಪೆಟ್ಟಿಗೆಯನ್ನು ಸುತ್ತಿ ಹಿಂದೆಯೂ ಹೋಗುತ್ತದೆ, ಗೋಡೆಗೆ ಬಡಿದು ಮರಳಿ ಬಂದು ಮುಂದಿನ ಸದ್ದಿಗೆ ಕೂಡುತ್ತದೆ. ಗೋಡೆಗೂ ಮೂಲೆಗೂ ಒತ್ತಿ ಇಟ್ಟಷ್ಟು ಗುಂಯ್‌ಕಾರ ಹೆಚ್ಚು. ಮೇಲಾಗಿ, ಚಿಕ್ಕದೆಂಬ ಕೊರತೆ ಕಾಣದಿರಲೆಂದು ಈ ಪೆಟ್ಟಿಗೆಯಲ್ಲಿ 125 ಹರ್ಟ್ಸಿನ ಆಸುಪಾಸು ಸ್ವಲ್ಪ ಉಬ್ಬು ಮೊದಲೇ ಇದೆ. ಗೋಡೆಯಿಂದ ಎರಡು ಅಡಿ ಮುಂದಕ್ಕೆ ತಂದು, ಮೇಲಿನ ಗುಮ್ಮಟ ಕುಳಿತವರ ಕಿವಿಯ ಮಟ್ಟಕ್ಕೆ ಬರುವಂತೆ ನಿಲ್ಲಿಸಿ, ಎರಡು ಪೆಟ್ಟಿಗೆ ಮತ್ತು ಕೇಳುವವನು ಸಮತ್ರಿಕೋನವಾಗುವಂತೆ ಕುಳಿತೆವು. ನೆಲಕ್ಕೆ ಜಮಖಾನೆ ಹಾಸಿದೆವು. ಹಂಡೆಯೊಳಗಿದ್ದ ಮನಸೂರರು ಹೊರಗೆ ಬಂದರು. ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಅವರು ಕೂತಂತೆ ಭಾಸವಾಯಿತು.

ತಂಬೂರಿಯ ವಿಚಾರದಲ್ಲಿ ಒಂದು ಸೋಜಿಗವನ್ನು ಕಂಡೆವು. ಕಪ್ಪು ಒಂದರ ಶ್ರುತಿಯಲ್ಲಿ ಗಂಡಸರ ತಂಬೂರಿಯ ಖರಜದ ತಂತಿ ಸುಮಾರು 69 ಹರ್ಟ್ಸಿಗೆ ನಿಲ್ಲುತ್ತದೆ. ಈ ಪೆಟ್ಟಿಗೆಯ ಶಕ್ತಿ 80ರ ಕೆಳಗೆ ಇಳಿದುಹೋಗುತ್ತದೆ. ಆದರೂ ಖರಜ ಕೇಳುತ್ತದೆ! ಮೂಲಸ್ವರ ಕ್ಷೀಣವಾದರೂ ಅದರ ಮೇಲಿನ ಉಪಸ್ವರಗಳು ಸರಿಯಾಗಿ ಬಂದರೆ ಮೂಲವನ್ನು ನಮ್ಮ ಕಿವಿ ಮತ್ತು ಮಿದುಳು ತಾವೇ ತುಂಬಿಕೊಳ್ಳುತ್ತವೆಯಂತೆ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವೂ ಹೀಗೆಯೇ ಎದೆ ತುಂಬಿ ಬಂತು. ತಬಲಾದ ಬಾಯಾಂ ಮಾತ್ರ ಬಡವಾಗಿತ್ತು. ಇದ್ದುದನ್ನು ಇದ್ದಂತೆ ಹೇಳಬೇಕು.

ಮೂರನೆಯ ಭಾನುವಾರ ಮನುಷ್ಯನ ಮಾತಿನ ಪರೀಕ್ಷೆ. ಬಿ.ಬಿ.ಸಿ.ಯ ಇಂಜಿನಿಯರರು ಸ್ಪೀಕರನ್ನು ಒರೆಗೆ ಹಚ್ಚಲು ಮಾತಿನ ಧ್ವನಿಯನ್ನೇ ಬಹುವಾಗಿ ಬಳಸುತ್ತಿದ್ದರು. ಪಿಟೀಲು ಹೇಗೆ ಕೇಳಬೇಕೆಂದು ಎಲ್ಲರಿಗೂ ಗೊತ್ತಿಲ್ಲ. ಪರಿಚಿತರ ಮಾತು ಹೇಗಿರುತ್ತದೆಂದು ಮಗುವಿಗೂ ಗೊತ್ತು. ಬ್ಯಾಂಕಿನ ಮಿತ್ರರು ಪತ್ರಿಕೆ ಓದಿದ್ದನ್ನು ಮುದ್ರಿಸಿಕೊಂಡೆವು. ಆಮೇಲೆ ಅಡ್ಡಲಾಗಿ ಧೋತರ ಕಟ್ಟಿ, ಅದರ ಹಿಂದೆ ಒಮ್ಮೆ ಅವರೇ ಓದುವುದು, ಒಮ್ಮೆ ಪೆಟ್ಟಿಗೆ ಓದುವುದು. ಚಾಳಿನ ಮಕ್ಕಳನ್ನು ಕರೆದು ಯಾರೆಂದು ಹೇಳಿರೆಂದೆವು. ಮಕ್ಕಳು ಹಲವು ಬಾರಿ ತಪ್ಪಿದರು. ಫಿಟ್ಟರು ಮಿತ್ರರ ಹಳೆಯ ಅಗ್ಗದ ಸ್ಪೀಕರುಗಳನ್ನು ಕಪಾಟಿನ ಮೇಲಿಟ್ಟು ಕೇಳಿಸಿದಾಗ ಒಂದು ಬಾರಿಯೂ ತಪ್ಪಲಿಲ್ಲ.

ನಾಲ್ಕನೆಯ ಭಾನುವಾರ ಮಿತ್ರರು ಟ್ರಂಕಿನಿಂದ ಒಂದು ಕ್ಯಾಸೆಟ್ ತೆಗೆದರು. 1986ರಲ್ಲಿ ಅವರ ತಾಯಿ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ್ದನ್ನು ರಜೆಗೆ ಹೋದಾಗ ಮುದ್ರಿಸಿಕೊಂಡಿದ್ದರು. ತಾಯಿ ತೀರಿ ಇಪ್ಪತ್ತು ವರ್ಷವಾಯಿತು. ಪೆಟ್ಟಿಗೆ ಕೊಂಡದ್ದು ಏತಕ್ಕೆಂದು ನಮಗೆ ತಿಳಿದದ್ದು ಆಗಲೇ. ಟೇಪಿನ ಸುಂಯ್ ಸದ್ದನ್ನು ಈ ಪೆಟ್ಟಿಗೆ ಮರೆಮಾಚಲಿಲ್ಲ. ಆದರೆ ಅದರ ಹಿಂದೆ ಕಲ್ಲು ತಿರುಗುವುದು, ಬಳೆ ಗೂಟಕ್ಕೆ ತಾಗುವುದು, ಪ್ರತಿ ನುಡಿಗೆ ಮೊದಲು ಮುದುಕಿ ಉಸಿರೆಳೆದುಕೊಳ್ಳುವುದು ಎಲ್ಲವೂ ಬಂತು. ಅಡಿಗೆಮನೆಯಿಂದ ಮನೆಯವರು ಹೊರಗೆ ಬಂದು ಬಾಗಿಲಲ್ಲಿ ನಿಂತರು. “ಅತ್ತಿ ಇಲ್ಲೇ ಕುಂತಂಗದ” ಎಂದರು. ಕೊಂಚ ಹೊತ್ತಿನ ಮೇಲೆ ಆಕೆಯೇ, “ಅಣ್ಣಾರ, ನಿಮ್ಮ ಅಗ್ಗದ ಡಬ್ಬಿ ಸುದ್ದೆ ಈ ಸ್ಟ್ಯಾಂಡಿನ ಮ್ಯಾಲೆ ಇಟ್ಟು ನೋಡ್ರಿ” ಎಂದು ಫಿಟ್ಟರಿಗೆ ಹೇಳಿದರು.

ನಾಲ್ವರಿಗೂ ಹೊಳೆಯದ ಮಾತು ಅದು! ಸರಿಯಾದ ಜಾಗದಲ್ಲಿ ಇಟ್ಟಾಗ ಅಗ್ಗದ ಪೆಟ್ಟಿಗೆ ನಮ್ಮನ್ನು ನಾಚಿಸಿತು. ಕಲ್ಲಿನ ಸದ್ದು ಬಂತು, ಬಳೆಯೂ ಕೇಳಿತು. ಉಸಿರು ಮಾತ್ರ ಬರಲಿಲ್ಲ. ನಾವು ಬೆಲೆಗೆ ಸಲ್ಲಿಸಿದ್ದ ಹೊಗಳಿಕೆಯಲ್ಲಿ ಅರ್ಧ ಸ್ಟ್ಯಾಂಡಿಗೂ ಜಮಖಾನೆಗೂ ಸಲ್ಲಬೇಕಾಗಿತ್ತು. ನಾವು ಹಾಗೆಯೇ ಹೇಳಿದೆವು. ಉಳಿದ ಅರ್ಧಕ್ಕೆ ಬೆಲೆ ಕಟ್ಟುವುದು ನಮ್ಮಿಂದಾಗದು ಎಂದೂ ಹೇಳಿದೆವು.

ಮಿತ್ರರು ಜೋಡಿಯನ್ನು ಹಿಂದಕ್ಕೆ ಕೊಟ್ಟರು. ಮಾರಿದವರು ಮಾತಿನಂತೆ ಹಣ ಮರಳಿಸಿದರು. ಮಾಳಿಗೆಯ ಕೆಲಸ ಈಗ ನಡೆದಿದೆ. ಕೊಡುವ ಮುನ್ನ ಕ್ಯಾಸೆಟ್ಟಿನ ಪ್ರತಿ ಮಾಡಿಸಿ ಊರಿನಲ್ಲಿರುವ ತಂಗಿಯರಿಗೂ ಕಳಿಸಿದರು. ಫಿಟ್ಟರ ಪೆಟ್ಟಿಗೆಗಳು ಅವರ ಮನೆಯಲ್ಲೇ ಸ್ಟ್ಯಾಂಡಿನ ಮೇಲಿವೆ. “ಹಾಡು ಬರತದ. ಉಸಿರು ಎಲ್ಲಿ ಬರಬೇಕಂತ ಈಗ ನನಗ ಗೊತ್ತದ” ಎಂದು ಮೊನ್ನೆ ಹೇಳಿದರು. ನಾವು ಮರುಮಾತಾಡಲಿಲ್ಲ.

ಬಂಧುಗಳೇ, ನಿಮ್ಮ ಖೋಲಿಯಲ್ಲಿ ಎಂಥ ಪೆಟ್ಟಿಗೆಯೇ ಇರಲಿ, ಇಂದು ಸಂಜೆ ಅದನ್ನು ಮೂಲೆಯಿಂದ ಹೊರಗೆ ತನ್ನಿ, ಕಿವಿಯ ಮಟ್ಟಕ್ಕೆ ಇಡಿ, ನೆಲಕ್ಕೆ ಏನಾದರೂ ಹಾಸಿ, ಫ್ಯಾನು ನಿಲ್ಲಿಸಿ ಕೇಳಿ. ಖರ್ಚು ಏನೂ ಇಲ್ಲ. ತಗ್ಗಿನ ಸದ್ದು ಗೋಡೆ ದಾಟಿ ನೆರೆಯವರ ನಿದ್ದೆ ಕೆಡಿಸುತ್ತದೆ ಎಂಬುದು ನೆನಪಿರಲಿ. ಟ್ರಂಕಿನ ತಳದಲ್ಲಿ ಹಳೆಯ ಕ್ಯಾಸೆಟ್ ಇದ್ದವರು ಅದನ್ನು ಬೂಸಲು ತಿನ್ನುವ ಮೊದಲು ತನ್ನಿ. ಪ್ರತಿ ಮಾಡಿಕೊಡಲು ನಾವು ನಾಲ್ವರೂ ಸಿದ್ಧರಿದ್ದೇವೆ.