ಕಿವಿಯಿಂದ ಅಳೆಯುವ ಅರ್ಜಿ ನಮೂನೆ



ರೇಷನ್ ಕಾರ್ಡಿಗೋ ಜಾತಿ ಪ್ರಮಾಣಪತ್ರಕ್ಕೋ ಹೋದರೆ ಈಗ ಕಾಗದಕ್ಕಿಂತ ಮೊದಲು ಕಂಪ್ಯೂಟರಿನ ತೆರೆ ಎದುರಾಗುತ್ತದೆ. ಹೆಸರಿಗೊಂದು ಚೌಕ, ಊರಿಗೊಂದು ಚೌಕ, ಕೊನೆಗೆ ಒತ್ತಲು ಒಂದು ಬಟನ್. ಇವನ್ನು ಒಪ್ಪವಾಗಿ ಜೋಡಿಸುವುದು ಕಣ್ಣಿದ್ದವರ ಕೆಲಸವೆಂದು ನಾವು ತಿಳಿದುಬಿಡುತ್ತೇವೆ. ಆದರೆ ಕಣ್ಣು ಕಾಣದ ಪ್ರೋಗ್ರಾಮರುಗಳೂ ಈ ಕೆಲಸ ಮಾಡಿ ಸಂಬಳ ತರುತ್ತಾರೆ. ಅದು ಹೇಗೆ?

ಅವರ ಸಾಧನದ ಹೆಸರು ಸ್ಕ್ರೀನ್ ರೀಡರ್. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ 1989ರಲ್ಲಿ ಜಾಸ್ ಎಂಬುದನ್ನು ಹೊರತಂದರು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್, ಅವರಿಗೂ ಕಣ್ಣು ಕಾಣದು, ಎನ್‌ವಿಡಿಎ ಬರೆಯತೊಡಗಿದರು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ಕೊಂಚ ಒರಟು.

ಇದರಲ್ಲಿ ಒಂದು ಕೀಲಿಜೋಡಿ ಒತ್ತಿದರೆ, ಚೌಕವು ತೆರೆಯ ಎಡ ಅಂಚಿನಿಂದ ಶೇಕಡಾ ಎಷ್ಟು ದೂರ, ಮೇಲಿನಿಂದ ಎಷ್ಟು, ಅಗಲವೆಷ್ಟು, ಎತ್ತರವೆಷ್ಟು ಎಂದು ಹೇಳುತ್ತದೆ. ಉಳಿದದ್ದು ಮನೆ ಕಟ್ಟುವ ಮೇಸ್ತ್ರಿಯ ಲೆಕ್ಕವೇ. ಹೆಸರಿನ ಚೌಕ ಮೇಲಿನಿಂದ 20ಕ್ಕೆ ಶುರುವಾಗಿ 5ರಷ್ಟು ಎತ್ತರವಿದೆ ಎನ್ನಿ, 25ಕ್ಕೆ ಮುಗಿಯಿತು. ಅದರ ಕೆಳಗೆ ಬರಬೇಕಾದ ವಿಳಾಸದ ಚೌಕ 23ಕ್ಕೇ ಶುರುವಾದರೆ ಒಂದರ ಮೇಲೊಂದು ಏರಿ ಕುಳಿತಿದೆ. ಎಡದಿಂದ ಒಂದು 30, ಇನ್ನೊಂದು 30, ಮೂರನೆಯದು 32 ಎಂದರೆ ದಾರ ತಪ್ಪಿದೆ. ಮೌಸ್ ಆಡಿಸಿದಂತೆ ಸದ್ದು ಮಾಡುವ ಏರ್ಪಾಡೂ ಉಂಟು. ಮೇಲೆ ಹೋದರೆ ತಾರಸ್ಥಾಯಿ, ಕೆಳಗೆ ಬಂದರೆ ಮಂದ್ರ. ಎಡಬಲಗಳು ಆಯಾ ಕಿವಿಗೆ. ರೇಡಿಯೋ ಕೇಳುವ ನಮಗೆ ಇದು ಬೇಗ ಅರ್ಥವಾಗುವಂಥದು.

ಆದರೆ ಒಂದು ಕಡೆ ಈ ಯಂತ್ರ ಕೈಕೊಡುತ್ತದೆ, ಮತ್ತು ಅದು ಎರಡು ಭಾಷೆಯ ಊರಿನವರಾದ ನಮಗೆ ತಟ್ಟುವ ಜಾಗ. ಇಂಗ್ಲಿಷಿನ ಅಳತೆಗೆ ಮಾಡಿದ ಜಾಗದಲ್ಲಿ ಕನ್ನಡ ಕೂರಿಸಿದರೆ ‘ತಂದೆ ಅಥವಾ ಪೋಷಕರ ಹೆಸರು’ ಎಂಬುದು ‘ತಂದೆ ಅಥವಾ ಪೋ’ ಎಂದು ತುಂಡಾಗಬಹುದು. ಎತ್ತರ ಸಾಲದಿದ್ದರೆ ಅಕ್ಷರದ ಕೆಳಗಿನ ಒತ್ತೇ ಹಾರಿಹೋಗುತ್ತದೆ. ಅಕ್ಕಲಕೋಟೆ ತೆರೆಯ ಮೇಲೆ ಅಕಲಕೋಟೆ! ಸ್ಕ್ರೀನ್ ರೀಡರ್ ಮಾತ್ರ ಅಕ್ಕಲಕೋಟೆ ಎಂದೇ ಓದುತ್ತದೆ. ಅದು ಓದುವುದು ಒಳಗಿರುವ ಪಠ್ಯವನ್ನು, ಕಣ್ಣಿಗೆ ಬೀಳುವ ಚಿತ್ರವನ್ನಲ್ಲ. ಆದ್ದರಿಂದ ಬಲ್ಲವರು ಜಾಗದ ಅಳತೆಯನ್ನು ತಾವು ಗೊತ್ತುಮಾಡದೆ, ಪಠ್ಯ ಬೆಳೆದಷ್ಟು ಚೌಕವೂ ಬೆಳೆಯುವಂತೆ ಬರೆದಿಡುತ್ತಾರೆ.

ಕಣ್ಣಿದ್ದವರು ಮಾಡಿದ ನಮೂನೆಯನ್ನೂ ಹೀಗೆ ಕೇಳಿ ನೋಡಬೇಕು. ನೋಟಕ್ಕೆ ಅಚ್ಚುಕಟ್ಟಾಗಿದ್ದರೂ ಟ್ಯಾಬ್ ಕೀಲಿ ಒತ್ತಿದಾಗ ಹೆಸರಿನಿಂದ ನೇರ ಪಿನ್‌ಕೋಡಿಗೆ ನೆಗೆದು, ಆಮೇಲೆ ಊರಿಗೆ ಮರಳುವ ನಮೂನೆಗಳಿವೆ. ಕೆಲವು ಚೌಕಗಳಿಗೆ ಹೆಸರನ್ನೇ ಜೋಡಿಸಿರುವುದಿಲ್ಲ. ಏನು ತುಂಬಬೇಕೆಂದೇ ಕೇಳುವವರಿಗೆ ತಿಳಿಯದು.

ಬಣ್ಣ, ಒತ್ತಕ್ಷರ ಇವುಗಳಿಗೆ ಕೊನೆಯಲ್ಲಿ ಕಣ್ಣಿದ್ದ ಜೊತೆಗಾರರೊಬ್ಬರು ಬೇಕೇ ಬೇಕು. ಅವರನ್ನು ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಅನ್ನುತ್ತಾರೆ. ‘ಅಕ್ಕಲಕೋಟೆಯ ಒತ್ತು ಪೂರ್ತಿ ಕಾಣುತ್ತದೆಯೇ?’ ಎಂದು ಕೇಳಬೇಕು.