ಕೈ ಹೋದವನಿಗೆ ಬೇಕಾದದ್ದು ವರ್ಗಣಿಯಲ್ಲ, ಕೆಲಸ
(ವಾಡಿಯ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವಷ್ಟು ಓದಿದವನು ನಾನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ, ಪಗಾರಗಳ ಲೆಕ್ಕ ಬರೆಯುವವನು. ಸಂಜೆ ಈ ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಹೊಂದಿಸಿಡುವವನು. ಅಂಗವಿಕಲರ ಉದ್ಯೋಗದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ಒಪ್ಪಿದ್ದಕ್ಕೆ ಕಾರಣ ಮನಸ್ಸಿನ ಮೇಲಿರುವ ಒಂದು ಭಾರ.

ಕೆಲವು ವರ್ಷಗಳ ಹಿಂದೆ ಅಮರಾವತಿ ರಸ್ತೆಯ ಒಂದು ಗೋದಾಮಿನಲ್ಲಿ ಲಾರಿಯಿಂದ ಮಾಲು ಇಳಿಸುವಾಗ ನಮ್ಮ ಕಡೆಯ ಹುಡುಗನೊಬ್ಬನ ಬಲಗೈ ಜಜ್ಜಿಹೋಯಿತು. ಮುಂಗೈ ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಬಂದವನು ಇದೇ ಬೆಂಚಿನ ಮೇಲೆ ಕುಳಿತಿದ್ದ. ಗುತ್ತಿಗೆದಾರನ ಗುಮಾಸ್ತನು ಮರಾಠಿಯ ಒಂದು ಕಾಗದ ತಂದ. 'ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ' ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿ ಹೇಳಿದವನು ನಾನೇ. 'ಒತ್ತಬೇಡಪ್ಪ' ಎನ್ನುವಷ್ಟು ತಿಳಿವಳಿಕೆ ನನಗಿರಲಿಲ್ಲ. ಅವನು ಎಡಗೈ ಹೆಬ್ಬೆಟ್ಟು ಒತ್ತಿದ. ನಾವು ವರ್ಗಣಿ ಕೂಡಿಸಿ, ಟಿಕೀಟು ತೆಗೆಸಿ, ರೈಲು ಹತ್ತಿಸಿದೆವು. ಪುಣ್ಯದ ಕೆಲಸ ಮಾಡಿದೆವೆಂದೇ ತಿಳಿದಿದ್ದೆವು. ರೈಲು ಬಿಡುವಾಗ ಅವನು ಕೇಳಿದ್ದು ಒಂದೇ ಮಾತು: "ಯಣ್ಣಾ, ಬಾಗಲ್ದಾಗ ಕುಂತು ಚೀಟಿ ಎಣಸೂ ಕೆಲಸ ಒಂದ ಕೈಲೆ ಆಗ್ತಿರ್ಲಿಲ್ಲೇನು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿ ತಿಳಿದದ್ದನ್ನು ತಮ್ಮ ಮುಂದಿಡುತ್ತೇನೆ.

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಾಗಪುರದಿಂದ ಸುಮಾರು ೧೦೦ ಕಿಲೋಮೀಟರು ದಕ್ಷಿಣಕ್ಕೆ ವರೋರಾ ಇದೆ. ಅಲ್ಲಿ ಬಾಬಾ ಆಮ್ಟೆಯವರೂ ಸಾಧನಾತಾಯಿಯವರೂ ಆನಂದವನವನ್ನು ಕಟ್ಟಿದರು. ೧೯೫೧ರಲ್ಲಿ ವಿನೋಬಾ ಭಾವೆಯವರು ಅದನ್ನು ಉದ್ಘಾಟಿಸಿದರು. ಕುಷ್ಠರೋಗದಿಂದ ಬೆರಳು ಕಳೆದುಕೊಂಡು, ಮನೆಯವರಿಂದಲೂ ದೂರವಾದವರು ಅಲ್ಲಿ ಬಾವಿ ತೋಡಿದರು, ಹೊಲ ಮಾಡಿದರು, ಮಗ್ಗ ನೇಯ್ದರು. ದಾನದಿಂದ ಮನುಷ್ಯ ಕುಗ್ಗುತ್ತಾನೆ, ದುಡಿಮೆಯಿಂದ ಎದ್ದು ನಿಲ್ಲುತ್ತಾನೆ ಎಂಬುದೇ ಬಾಬಾ ಅವರ ನಂಬಿಕೆಯಾಗಿತ್ತು. ನಮ್ಮ ಬೆಂಗಳೂರಿನಲ್ಲಿ, ತಾವೇ ಗಾಲಿಕುರ್ಚಿಯಲ್ಲಿದ್ದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಆರಂಭಿಸಿದರು. ಅದು ಕಸುಬು ಕಲಿಸಿ ಅನೇಕರನ್ನು ಕೆಲಸಕ್ಕೆ ಹಚ್ಚಿದೆ.

ಇನ್ನು ಕಾನೂನಿನ ಮಾತು. ೧೯೯೫ರ ಶಾಸನವು ಸರ್ಕಾರಿ ಕೆಲಸಗಳಲ್ಲಿ ಅಂಗವಿಕಲರಿಗೆ ನೂರಕ್ಕೆ ೩ ಸ್ಥಾನಗಳನ್ನು ಮೀಸಲಿಟ್ಟಿತ್ತು. ೨೦೧೬ರ ಶಾಸನ ಅದನ್ನು ೪ಕ್ಕೆ ಏರಿಸಿತು. ಸರ್ಕಾರಿ ನೌಕರನೊಬ್ಬ ಸೇವೆಯಲ್ಲಿರುವಾಗ ಅಂಗ ಊನವಾದರೆ ಅವನನ್ನು ತೆಗೆದುಹಾಕುವಂತಿಲ್ಲ. ಅದೇ ಸಂಬಳದ ಮೇಲೆ, ಅವನಿಂದಾಗುವ ಬೇರೆ ಕೆಲಸಕ್ಕೆ ಹಾಕಬೇಕು. ಪಂಜಾಬಿನ ವಿದ್ಯುತ್ ಮಂಡಳಿಯಲ್ಲಿ ಲೈನಿನ ಕೆಲಸ ಮಾಡುತ್ತಿದ್ದ ಭಗವಾನ್ ದಾಸ್ ಎಂಬವರಿಗೆ ಪೂರ್ತಿ ಕಣ್ಣು ಹೋಯಿತು. ಕಾನೂನು ತಿಳಿಯದೆ, ತಮ್ಮನ್ನು ನಿವೃತ್ತಿಗೊಳಿಸಬೇಕೆಂದು ಅವರೇ ಬರೆದುಕೊಟ್ಟರು. ಆದರೂ ೨೦೦೮ರಲ್ಲಿ ಸುಪ್ರೀಂ ಕೋರ್ಟು, ಅವರು ಸೇವೆಯಲ್ಲೇ ಇದ್ದಾರೆಂದು ಭಾವಿಸಿ ಸಲ್ಲಬೇಕಾದದ್ದೆಲ್ಲ ಸಲ್ಲಿಸಬೇಕೆಂದು ತೀರ್ಪು ಕೊಟ್ಟಿತು.

ಈ ಮೀಸಲಾತಿ ಖಾಸಗಿ ಗೋದಾಮಿಗೆ ಅನ್ವಯಿಸುವುದಿಲ್ಲವೆಂಬುದು ನಿಜ. ಆದರೆ ನಾವು ಬರಿಗೈಯವರೂ ಅಲ್ಲ. ಕಾರ್ಮಿಕರ ರಾಜ್ಯ ವಿಮೆ ಇದ್ದವನಿಗೆ ಕೆಲಸದಲ್ಲಿ ಗಾಯವಾದರೆ, ವಾಸಿಯಾಗುವ ತನಕ ಕೂಲಿಯ ನೂರಕ್ಕೆ ೯೦ರಷ್ಟು ಸಿಗುತ್ತದೆ. ಊನ ಶಾಶ್ವತವಾದರೆ, ಗಳಿಸುವ ಶಕ್ತಿ ಎಷ್ಟು ಕುಂದಿತೆಂದು ವೈದ್ಯ ಮಂಡಳಿ ನೋಡಿ ಹೇಳಿದ ಪ್ರಮಾಣದಲ್ಲಿ ಜೀವವಿರುವ ತನಕ ಹಣ ಬರುತ್ತದೆ. ವಿಮೆಯ ವ್ಯಾಪ್ತಿಗೆ ಬಾರದವನಿಗೆ ಮಾಲೀಕನೇ ಪರಿಹಾರ ಕೊಡಬೇಕು. ಊನ ನೂರಕ್ಕೆ ೪೦ ಅಥವಾ ಹೆಚ್ಚೆಂದು ಪ್ರಮಾಣಪತ್ರವಾದರೆ ಮೀಸಲಾತಿಯ ಬಾಗಿಲು ತೆರೆಯುತ್ತದೆ. ಇಲ್ಲಿ ಮಾಡಿಸಿದ ಪತ್ರ ಊರಿನಲ್ಲೂ ನಡೆಯುತ್ತದೆ. ಸಣ್ಣ ವ್ಯಾಪಾರಕ್ಕೆ ಸಾಲ ಕೊಡಲೆಂದೇ ೧೯೯೭ರಲ್ಲಿ ಕೇಂದ್ರ ಸರ್ಕಾರ ಒಂದು ನಿಗಮ ಸ್ಥಾಪಿಸಿದೆ. ಬೆಂಗಳೂರು, ಮುಂಬಯಿಗಳಲ್ಲಿ ಅಂಗವಿಕಲರಿಗೆ ಕಸುಬು ಕಲಿಸಿ ಕೆಲಸಕ್ಕೆ ದಾರಿ ತೋರಿಸುವ ಸರ್ಕಾರಿ ಕೇಂದ್ರಗಳಿವೆ.

ಆದ್ದರಿಂದ ನನ್ನ ಅರಿಕೆ ಮೂರು. ಗಾಯವಾದ ದಿನವೇ ಅಪಘಾತ ಪುಸ್ತಕದಲ್ಲಿ ಬರೆಸಿರಿ. ಭಾಷೆ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಇಲ್ಲಿಗೆ ತನ್ನಿರಿ. ಮೂರನೆಯದಾಗಿ, ಮರಾಠಿ, ಹಿಂದಿ ಬರುವ ಇಬ್ಬರು ಗುಮಾಸ್ತರು ಪ್ರತಿ ಭಾನುವಾರ ಈ ಮೇಜಿನ ಬಳಿ ಕುಳಿತು ಅರ್ಜಿ ಬರೆದುಕೊಡಲು ಮುಂದೆ ಬನ್ನಿರಿ. ಒಬ್ಬನು ನಾನಿದ್ದೇನೆ, ಇನ್ನೊಬ್ಬರು ಬೇಕು. ವರ್ಗಣಿ ಕೊಡಬೇಡಿರೆಂದು ನಾನು ಹೇಳುವುದಿಲ್ಲ. ಅದು ಒಂದು ತಿಂಗಳ ಅನ್ನ. ಅರ್ಜಿ ಅವನ ಮುಂದಿನ ಬಾಳು.

ಆ ಹುಡುಗನಿಗೆ ಕಳೆದ ವಾರ ಕಾಗದ ಹಾಕಿ, ವಿಮೆಯ ಸಂಖ್ಯೆ ಇದ್ದರೆ ಕಳಿಸೆಂದು ಬರೆದಿದ್ದೇನೆ. ಅವನ ಪ್ರಶ್ನೆಗೆ 'ಆಗುತ್ತಿತ್ತು ತಮ್ಮಾ, ಕೇಳದೆ ಇದ್ದದ್ದು ನಮ್ಮ ತಪ್ಪು' ಎಂದೂ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.