ಆರುನೂರು ಕಿಲೋ ಸ್ಪಂಜು, ಚಿಟಿಕೆಗೂ ಸಾಲದ ಮದ್ದು

ಕಡಲ ತಳದ ಬಂಡೆಗೆ ಅಂಟಿಕೊಂಡ ಸ್ಪಂಜಿಗೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ, ಅವಿತುಕೊಳ್ಳಲು ಚಿಪ್ಪಿಲ್ಲ. ಆದರೂ ತಿನ್ನಲು ಬಂದ ಮೀನು ಎಷ್ಟೋ ಸಲ ಮೂತಿ ತಿರುಗಿಸಿ ಹೋಗುತ್ತದೆ. ಎಷ್ಟೋ ಜಾತಿಯ ಸ್ಪಂಜುಗಳ ಮೈಯಲ್ಲಿ ವಿಷವಿದೆ. ಕ್ಯಾನ್ಸರ್ ಮದ್ದು ಹುಡುಕುವವರ ಕಣ್ಣೂ ಅದರ ಮೇಲೆಯೇ.

1945ರಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಸ್ಪಂಜುಗಳನ್ನು ಎತ್ತಿದಾಗ ಕ್ಯಾನ್ಸರ್ ಅವರ ತಲೆಯಲ್ಲಿರಲಿಲ್ಲ. ಸಿಕ್ಕ ಅಣುಗಳು ಮಾತ್ರ ವಿಚಿತ್ರವಾಗಿದ್ದವು: ಡಿಎನ್‌ಎ ಕಟ್ಟುವ ಅಣುಗಳಂತೆಯೇ ಇದ್ದರೂ ಅವುಗಳಲ್ಲಿದ್ದ ಸಕ್ಕರೆ ಬೇರೆ. ಆ ಸುಳಿವು ಹಿಡಿದು ತಯಾರಿಸಿದ ಸೈಟರಾಬಿನ್‌ಗೆ 1969ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ರಕ್ತದ ಕ್ಯಾನ್ಸರಿಗೆ ವೈದ್ಯರು ಅದನ್ನು ಇಂದಿಗೂ ಕೊಡುತ್ತಾರೆ.

ಇದು ಸಲೀಸಾಗಿ ಮುಗಿದ ಕಥೆ. ಜಪಾನಿನದು ಹಾಗಲ್ಲ.

1986ರಲ್ಲಿ ಅಲ್ಲಿನ ರಸಾಯನಶಾಸ್ತ್ರಜ್ಞರಾದ ಹಿರಾಟ ಮತ್ತು ಉಯೆಮುರಾ, ಮಿಯುರಾ ದ್ವೀಪಕಲ್ಪದ 600 ಕಿಲೋ ಕಪ್ಪು ಸ್ಪಂಜನ್ನು ಸೋಸಿ ಹ್ಯಾಲಿಕಾಂಡ್ರಿನ್ ಬಿ ಎಂಬ ಅಣುವನ್ನು ತೆಗೆದರು. ಕೈಗೆ ಬಂದದ್ದು 12.5 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪೇ ಅದಕ್ಕಿಂತ ಹೆಚ್ಚು ತೂಗುತ್ತದೆ. ಇಲಿಗಳ ಗೆಡ್ಡೆಯ ಮೇಲೆ ಅದರ ಪ್ರಭಾವ ಜೋರಾಗಿತ್ತು, ಆದರೆ ರೋಗಿಗಳಿಗೆ ಸಾಲುವಷ್ಟು ಮದ್ದು ಎಲ್ಲಿಂದ ತರುವುದು? ನ್ಯೂಜಿಲೆಂಡಿನಲ್ಲಿ ಇನ್ನೊಂದು ಜಾತಿಯ ಸ್ಪಂಜನ್ನು ಒಂದು ಟನ್ ಎತ್ತಿದರೂ ದಕ್ಕಿದ್ದು ಸುಮಾರು 300 ಮಿಲಿಗ್ರಾಂ. ಹೀಗೇ ಹೋಗಿದ್ದರೆ ಮದ್ದಿಗಿಂತ ಮೊದಲು ಸ್ಪಂಜೇ ಮುಗಿಯುತ್ತಿತ್ತು.

ದಾರಿ ತೆರೆದವರು ಹಾರ್ವರ್ಡಿನ ಯೋಶಿತೊ ಕಿಶಿ. 1992ರಲ್ಲಿ ಅವರ ತಂಡ ಇಡೀ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿತು. ನಡುವೆ ತಯಾರಾದ ತುಂಡುಗಳನ್ನು ಐಸಾಯ್ ಎಂಬ ಔಷಧ ಕಂಪನಿಯವರು ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು: ಕ್ಯಾನ್ಸರ್ ಕೋಶ ಇಬ್ಭಾಗವಾಗದಂತೆ ತಡೆಯುವ ಕಸುವೆಲ್ಲ ಅಣುವಿನ ಬಲಭಾಗದಲ್ಲೇ ಇತ್ತು! ಎಡಭಾಗವನ್ನು ಬಿಟ್ಟು, ಉಳಿದದ್ದನ್ನು ತಿದ್ದಿ ಎರಿಬುಲಿನ್ ಎಂಬ ಮದ್ದು ಮಾಡಿದರು. ಸರಳಗೊಳಿಸಿದ ಮೇಲೂ ಅದರ ತಯಾರಿಕೆ ಅರವತ್ತಕ್ಕೂ ಹೆಚ್ಚು ಹಂತಗಳದು.

ಹಲವು ಮದ್ದುಗಳನ್ನು ಆಗಲೇ ಪಡೆದಿದ್ದ, ಸ್ತನ ಕ್ಯಾನ್ಸರ್ ಹರಡಿದ್ದ 762 ಮಹಿಳೆಯರ ಮೇಲೆ ಅದರ ಪ್ರಯೋಗ ನಡೆಯಿತು. ಬೇರೆ ಚಿಕಿತ್ಸೆ ಪಡೆದವರು ಬದುಕಿದ ಅವಧಿಯ ಮಧ್ಯಾಂಕ 10.6 ತಿಂಗಳಿದ್ದರೆ, ಎರಿಬುಲಿನ್ ಪಡೆದವರದು 13.1. ಪವಾಡವೇನಲ್ಲ, ಆದರೆ ಅಂಥ ಹಂತದಲ್ಲಿ ಆಯಸ್ಸನ್ನೇ ಹೆಚ್ಚಿಸಿ ತೋರಿಸಿದ ಮದ್ದುಗಳು ವಿರಳ. 2010ರಲ್ಲಿ ಅಮೆರಿಕ ಒಪ್ಪಿತು.

ಕೆರಿಬಿಯನ್ ಕಡಲಿನ ಕಾಂಡ್ಲಾ ಗಿಡಗಳ ಬೇರುಗಳಿಗೆ ಅಂಟಿ ಬೆಳೆಯುವ, ನೀರು ಚಿಮ್ಮಿಸುವ ಪುಟ್ಟ ಜೀವಿಯೊಂದರಿಂದ ಬಂದ ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಮದ್ದಿಗೂ ಇದೇ ಪಾಡು: ಒಂದು ಗ್ರಾಮಿಗೆ ಹತ್ತಿರ ಹತ್ತಿರ ಒಂದು ಟನ್ ಜೀವಿ ಬೇಕಿತ್ತು. ಕೊನೆಗೆ ಸ್ಪೇನಿನ ಫಾರ್ಮಾಮಾರ್ ಕಂಪನಿ ಒಂದು ಬ್ಯಾಕ್ಟೀರಿಯಾದಿಂದ ಅದರ ಹತ್ತಿರದ ಅಣುವನ್ನು ಪಡೆದು, ರಾಸಾಯನಿಕವಾಗಿ ಮಾರ್ಪಡಿಸಿ ಮದ್ದು ಮಾಡಿತು. ತಮಾಷೆಯೆಂದರೆ, ಕಡಲಿನಲ್ಲೂ ಅದನ್ನು ತಯಾರಿಸುತ್ತಿದ್ದುದು ಆ ಜೀವಿಯಲ್ಲ, ಅದರೊಳಗೆ ಬಿಡಾರ ಹೂಡಿದ್ದ ಇನ್ನೊಂದು ಬ್ಯಾಕ್ಟೀರಿಯಾ.